ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊ: ಹಾರುವ ದೂರ, ಹಿಡಿಯುವ ಹೊತ್ತು – ಒಂದು ಟಿಪ್ಪಣಿ

2021ರ ಜನವರಿ 9, ಶನಿವಾರ. ಏರ್ ಇಂಡಿಯಾದ ಎಐ 176 ವಿಮಾನ ಸ್ಯಾನ್‌ಫ್ರಾನ್ಸಿಸ್ಕೊ ಬಿಡಬೇಕಿದ್ದದ್ದು ಅಂದು ರಾತ್ರಿ 8.30ಕ್ಕೆ. ಬೆಂಗಳೂರು ಮುಟ್ಟಬೇಕಿದ್ದದ್ದು ಜನವರಿ 11, ಸೋಮವಾರ ಬೆಳಗಿನ ಜಾವ 3.45ಕ್ಕೆ. ಈ ಎರಡು ಊರುಗಳ ನಡುವೆ ಎಲ್ಲೂ ಇಳಿಯದೆ ಹಾರಿದ ಮೊದಲ ಪ್ರಯಾಣಿಕ ವಿಮಾನ ಅದು. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಪತ್ರಿಕೆಗಳಲ್ಲಿ ಮೂರು ಸಂಗತಿಗಳು ಜೊತೆಜೊತೆಯಾಗಿ ಅಚ್ಚಾದವು. ದೂರ 13,993 ಕಿ.ಮೀ., ಹೊತ್ತು 17 ಗಂಟೆಗೂ ಮೇಲೆ, ದಾರಿ ಉತ್ತರ ಧ್ರುವದ ಮೇಲೆ.

ಒಂದೇ ಸಾಲಿನಲ್ಲಿ ಬಂದದ್ದರಿಂದ ಓದುಗರು ಮೂರನ್ನೂ ಒಟ್ಟಿಗೆ ಗಂಟು ಹಾಕಿಕೊಂಡರು. ಧ್ರುವದ ಮೇಲೆ ಹೋದದ್ದರಿಂದಲೇ ದೂರ 13,993ಕ್ಕೆ ಇಳಿಯಿತು, ಆ ದೂರಕ್ಕೆ ತಕ್ಕಂತೆ 17 ಗಂಟೆ ಹಿಡಿಯಿತು ಎಂಬ ತಿಳಿವಳಿಕೆ ಈಗಲೂ ಮಾತಿನಲ್ಲಿದೆ, ಬರಹದಲ್ಲೂ ಇದೆ. ಲೆಕ್ಕ ಹಾಕಿ ನೋಡಿದರೆ ಗಂಟು ನಿಲ್ಲುವುದಿಲ್ಲ. 13,993 ಕಿ.ಮೀ.ನ ದಾರಿ ಧ್ರುವದಿಂದ 2,100 ಕಿ.ಮೀ.ಗೂ ಹೆಚ್ಚು ದೂರದಲ್ಲೇ ತಿರುಗಿ ಕೆಳಗಿಳಿಯುತ್ತದೆ. ಧ್ರುವದ ಮೇಲಿನ ದಾರಿಯ ಉದ್ದ ಬೇರೆ. ಹೊತ್ತಿನ ಲೆಕ್ಕವಂತೂ ಇವೆರಡಕ್ಕೂ ಪೂರ್ತಿ ಬದ್ಧವಲ್ಲ. ಒಂದೊಂದಾಗಿ ನೋಡೋಣ.

ಮೊದಲು ದೂರ. ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 37 ಡಿಗ್ರಿ 37 ಮಿನಿಟು, ಪಶ್ಚಿಮ ರೇಖಾಂಶ 122 ಡಿಗ್ರಿ 22 ಮಿನಿಟಿನಲ್ಲಿ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿ 12 ಮಿನಿಟು, ಪೂರ್ವ ರೇಖಾಂಶ 77 ಡಿಗ್ರಿ 42 ಮಿನಿಟಿನಲ್ಲಿ. ಗೋಳದ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಅತಿ ಕಿರಿದಾದ ಗೆರೆಗೆ ಮಹಾವೃತ್ತ ಎನ್ನುತ್ತಾರೆ. ತ್ರಿಕೋನಮಿತಿಯ ಕೊಸೈನ್ ಸೂತ್ರಕ್ಕೆ ಈ ನಾಲ್ಕು ಅಂಕಿ ಹಾಕಿದರೆ, ಭೂಮಿಯ ಕೇಂದ್ರದಲ್ಲಿ ಈ ಎರಡು ಊರು ಮಾಡುವ ಕೋನ 125.8 ಡಿಗ್ರಿ ಎಂದು ಸಿಗುತ್ತದೆ. ಒಂದು ಡಿಗ್ರಿಗೆ ಸುಮಾರು 111.2 ಕಿ.ಮೀ. ಗುಣಿಸಿದರೆ 13,989. ಪತ್ರಿಕೆಯ ಅಂಕಿಗೂ ಇದಕ್ಕೂ ನಾಲ್ಕು ಕಿ.ಮೀ. ಅಂತರ ಬಂತು. ಇದರಲ್ಲಿ ಯಾರ ತಪ್ಪೂ ಇಲ್ಲ. ನಾನು ಭೂಮಿಯನ್ನು ಗುಂಡಗಿನ ಚೆಂಡು ಎಂದುಕೊಂಡೆ. ನಿಜಕ್ಕೂ ಅದು ನಡುವಿನಲ್ಲಿ ಉಬ್ಬಿದೆ: ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಆ ಉಬ್ಬನ್ನು ಲೆಕ್ಕಕ್ಕೆ ಹಿಡಿಯುವ ಸೂತ್ರವನ್ನು 1975ರಲ್ಲಿ ಥ್ಯಾಡ್ಯೂಸ್ ವಿನ್ಸೆಂಟಿ ಪ್ರಕಟಿಸಿದರು. ಇಂದಿನ ಗಣಕಗಳಲ್ಲಿ ಹೆಚ್ಚಾಗಿ ಓಡುವುದು ಅದೇ ಬಗೆಯ ಲೆಕ್ಕ. ನಿಲ್ದಾಣ ಬಿಟ್ಟು ನಗರದ ನಡುಭಾಗದಿಂದ ನಡುಭಾಗಕ್ಕೆ ಅಳೆದರೆ ಇನ್ನೊಂದು ಹತ್ತು ಕಿ.ಮೀ. ಸೇರುತ್ತದೆ. ಬೇರೆ ಬೇರೆ ಪಟ್ಟಿಗಳಲ್ಲಿ ಬೇರೆ ಬೇರೆ ಅಂಕಿ ಕಂಡರೆ ಗಾಬರಿ ಬೇಡ. 13,985ರಿಂದ 14,005ರ ಒಳಗೆ ಏನಿದ್ದರೂ ಅದು ಒಂದೇ ದೂರ.

ನನ್ನ ಮೇಜಿನ ಮೇಲೆ 30 ಸೆಂಟಿಮೀಟರ್ ವ್ಯಾಸದ ಒಂದು ಹಳೆಯ ಗ್ಲೋಬ್ ಇದೆ. ಮನೆಯಲ್ಲಿ ಹೂ ಕಟ್ಟಲು ನೆನೆಹಾಕಿದ್ದ ಬಾಳೆನಾರಿನಿಂದ ಒಂದು ಎಳೆ ಸೀಳಿಕೊಂಡು, ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಸ್ಯಾನ್‌ಫ್ರಾನ್ಸಿಸ್ಕೊಗೆ ಎಳೆದು ಬಿಗಿ ಮಾಡಿದೆ. ಒದ್ದೆ ನಾರು ದಾರದ ಹಾಗೆ ಜಾರುವುದಿಲ್ಲ, ಗೋಳಕ್ಕೆ ಅಂಟಿ ಕೂರುತ್ತದೆ. ಅಳತೆ 33 ಸೆಂಟಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಕುತೂಹಲ ಹುಟ್ಟಿಸಿದ್ದು ಅಳತೆಗಿಂತ ನಾರು ಹಾಯ್ದ ಜಾಗಗಳು. ಸ್ಯಾನ್‌ಫ್ರಾನ್ಸಿಸ್ಕೊದಿಂದ ವಾಯವ್ಯಕ್ಕೆ ಹೊರಟು, ಪೆಸಿಫಿಕ್ ಅಂಚಿನಲ್ಲಿ ಸಾಗಿ, ಅಲಾಸ್ಕದ ಒಡಲನ್ನು ಸೀಳಿ, ರ‍್ಯಾಂಗೆಲ್ ದ್ವೀಪದ ತುಸು ದಕ್ಷಿಣಕ್ಕೆ ಹಾಯ್ದು, ಸೈಬೀರಿಯಾದ ಕೊಲಿಮಾ ನದಿ ಕಡಲು ಸೇರುವ ಜಾಗಕ್ಕೆ ಎದುರಾಗಿ ಕಡಲ ಮೇಲೆ ತನ್ನ ತುತ್ತತುದಿ ಮುಟ್ಟಿತು. ಲೆಕ್ಕದ ಪ್ರಕಾರ ಆ ತುದಿ ಉತ್ತರ ಅಕ್ಷಾಂಶ 71 ಡಿಗ್ರಿ, ಪೂರ್ವ ರೇಖಾಂಶ 163 ಡಿಗ್ರಿ. ಅಲ್ಲಿಂದ ಇಳಿಮುಖ. ಬೈಕಲ್ ಸರೋವರದ ಪಶ್ಚಿಮಕ್ಕೆ, ಮಂಗೋಲಿಯದ ಪಶ್ಚಿಮ ಅಂಚಿಗೆ, ಚೀನಾದ ಲೋಪ್ ನೂರ್ ಮರುಭೂಮಿಗೆ, ಟಿಬೆಟ್ಟಿಗೆ, ನೇಪಾಳದ ಧವಳಗಿರಿಯ ಆಸುಪಾಸಿಗೆ, ಮಿರ್ಜಾಪುರದ ಕಡೆಗೆ, ಗಡಚಿರೋಲಿಯ ಕಾಡಿಗೆ, ಹೈದರಾಬಾದಿನ ಪೂರ್ವಕ್ಕೆ, ಆಮೇಲೆ ದೇವನಹಳ್ಳಿ.

ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟ ನೋಡಿ ಬೆಳೆದ ಕಣ್ಣಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ಆ ಪಟದಲ್ಲಿ ಅಮೆರಿಕ ಎಡಕ್ಕೆ, ನಾವು ಬಲಕ್ಕೆ, ನಡುವೆ ಅಟ್ಲಾಂಟಿಕ್. ಗೆರೆಪಟ್ಟಿ ಇಟ್ಟು ಗೀಟು ಎಳೆದರೆ ಅದು ಅಟ್ಲಾಂಟಿಕ್ ದಾಟಿ, ಸಹಾರಾ ಹಾಯ್ದು, ಕೆಂಪು ಸಮುದ್ರದ ಮೇಲಿನಿಂದ ನಮ್ಮ ಕಡೆ ಬರುತ್ತದೆ. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ಪ್ರಕಟಿಸಿದ ಬಗೆಯ ನಕಾಶೆಯಲ್ಲಿ ಹೀಗೆ ಎಳೆದ ನೇರ ಗೀಟಿನ ನಿಜವಾದ ಉದ್ದ ಎಷ್ಟು ಎಂದು ಲೆಕ್ಕ ಹಾಕಿದೆ: 20,050 ಕಿ.ಮೀ.ಗೂ ಮೇಲೆ. ಇದರ ವಿಚಿತ್ರ ಏನೆಂದರೆ, ಭೂಮಿಯ ಸುತ್ತಳತೆಯ ಅರ್ಧವೇ ಸುಮಾರು 20,016. ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ ಕಿರುದಾರಿ ಅದಕ್ಕಿಂತ ಉದ್ದ ಇರಲು ಸಾಧ್ಯವೇ ಇಲ್ಲ. ಅಂದರೆ ನಮ್ಮ ಗೋಡೆಪಟದ ನೇರ ಗೀಟು ಇರಬಹುದಾದ ಅತಿ ದೊಡ್ಡ ದೂರವನ್ನೂ ಮೀರಿಸುತ್ತದೆ. ಮರ್ಕೇಟರನನ್ನು ಬೈಯುವಂತಿಲ್ಲ. ಆತ ಪಟ ಬಿಡಿಸಿದ್ದು ದಿಕ್ಸೂಚಿಯ ಒಂದೇ ದಿಕ್ಕು ಹಿಡಿದು ಹಡಗು ನಡೆಸುವ ನಾವಿಕರಿಗಾಗಿ. ಅದನ್ನು ದೂರ ಅಳೆಯಲು ಬಳಸಿದ್ದು ನಮ್ಮ ಅಜಾಗರೂಕತೆ.

ಇನ್ನು ಧ್ರುವದ ಮಾತು. ನಾರನ್ನು ಗ್ಲೋಬಿನ ನೆತ್ತಿಯ ಮೊಳೆಯ ಮೇಲೆ ಹಾಯಿಸಿ ಮತ್ತೆ ಅಳೆದೆ. 33.8 ಸೆಂಟಿಮೀಟರ್. ಮೊದಲಿನದಕ್ಕಿಂತ ಹೆಚ್ಚಾದದ್ದು ಕಿರುಬೆರಳಿನ ಅಗಲವೂ ಇಲ್ಲ. ಈ ಲೆಕ್ಕಕ್ಕೆ ತ್ರಿಕೋನಮಿತಿಯೂ ಬೇಡ, ಹೈಸ್ಕೂಲು ಹುಡುಗರು ಮಾಡಬಹುದು. ಸ್ಯಾನ್‌ಫ್ರಾನ್ಸಿಸ್ಕೊದ ಅಕ್ಷಾಂಶವನ್ನು 90ರಿಂದ ಕಳೆದರೆ ಧ್ರುವಕ್ಕೆ 52 ಡಿಗ್ರಿ 23 ಮಿನಿಟು; ಬೆಂಗಳೂರಿನದನ್ನು ಕಳೆದರೆ 76 ಡಿಗ್ರಿ 48 ಮಿನಿಟು. ಕೂಡಿದರೆ 129 ಡಿಗ್ರಿ 11 ಮಿನಿಟು. 111.2ರಿಂದ ಗುಣಿಸಿದರೆ ಸುಮಾರು 14,365 ಕಿ.ಮೀ. ಮಹಾವೃತ್ತಕ್ಕಿಂತ 376 ಕಿ.ಮೀ. ಹೆಚ್ಚು.

ಇಷ್ಟು ಎತ್ತರಕ್ಕೆ ಸುತ್ತಿ ಬಂದರೂ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟೂ ಹೆಚ್ಚಾಗದಿರುವುದಕ್ಕೆ ಕಾರಣ ಎರಡು ಊರುಗಳ ರೇಖಾಂಶ. ಅವು ಭೂಮಿಯ ಹೆಚ್ಚುಕಡಿಮೆ ಎದುರುಬದುರು ರೇಖಾಂಶಗಳಲ್ಲಿ ಕೂತಿವೆ, 160 ಡಿಗ್ರಿ ಅಂತರದಲ್ಲಿ. ಅದು 180 ಆಗಿದ್ದರೆ ಕಿರುದಾರಿ ಧ್ರುವದ ಮೇಲೆಯೇ ಹೋಗುತ್ತಿತ್ತು. ಧ್ರುವದಿಂದ ಬೆಂಗಳೂರಿಗೆ ಇಳಿಯುವ ರೇಖೆಯೂ ನಮಗೆ ಅಪರಿಚಿತವಲ್ಲ. ದೆಹಲಿ, ಭೋಪಾಲ, ಬೆಂಗಳೂರು, ಕನ್ಯಾಕುಮಾರಿ ಎಲ್ಲವೂ 77ನೇ ಡಿಗ್ರಿಯನ್ನು ದಾಟಿ 78ನ್ನು ಮುಟ್ಟದ ಒಂದೇ ಪಟ್ಟಿಯಲ್ಲಿವೆ. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ಅಡಿರೇಖೆ ಅಳೆದರು; ಮುಂದೆ ಜಾರ್ಜ್ ಎವರೆಸ್ಟ್ ಹಿಮಾಲಯದ ತಪ್ಪಲಿನವರೆಗೆ ಒಯ್ದ ಮಹಾ ರೇಖಾಂಶ ಸರಣಿಯೂ ಸುಮಾರು 78ನೇ ಡಿಗ್ರಿಯ ಗುಂಟವೇ ಸಾಗಿತು. ಭೂಮಿ ಎಷ್ಟು ಗುಂಡಗಿದೆ, ಎಷ್ಟು ಉಬ್ಬಿದೆ ಎಂದು ತಿಳಿಯಲು ಆ ಅಳತೆ ನೆರವಾಯಿತು. ಮೇಲೆ ಬಂದ ನಾಲ್ಕು ಕಿ.ಮೀ. ಅಂತರದ ಹಿಂದೆ ಅಂಥ ಸರಪಳಿಗಳೇ ಇವೆ.

ಹಾಗಾದರೆ ಕಿರುದಾರಿ ಬಿಟ್ಟು ಧ್ರುವದ ಕಡೆ ಯಾಕೆ ಏರಬೇಕು? ಕಿರುದಾರಿಯ ಅಡಿಯಲ್ಲಿ ಟಿಬೆಟ್ ಇದೆ. ವಿಮಾನದ ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ, ಅಂದರೆ 3,000 ಮೀಟರಿಗೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿನಿಂದ ಇಳಿಬೀಳುವ ಮುಖವಾಡದ ಆಮ್ಲಜನಕ ಬರುವುದು ಹೆಚ್ಚುಕಡಿಮೆ ಕಾಲು ಗಂಟೆ. ಟಿಬೆಟ್ ಪ್ರಸ್ಥಭೂಮಿಯ ನೆಲವೇ 4,500 ಮೀಟರಿನ ಸುತ್ತಮುತ್ತ ಇರುವಾಗ 3,000 ಮೀಟರಿಗೆ ಇಳಿಯುವುದೆಲ್ಲಿ? ಹಾಗಾಗಿ ಆ ಜಾಗವನ್ನು ಬಳಸಿ ಹೋಗುತ್ತಾರೆ. ಧ್ರುವದ ದಾರಿಗೂ ಅದರದೇ ತಾಪತ್ರಯಗಳಿವೆ. ಜೆಟ್ ಎ ಇಂಧನ ಮೈನಸ್ 40 ಡಿಗ್ರಿಯಲ್ಲಿ, ಜೆಟ್ ಎ-1 ಮೈನಸ್ 47ರಲ್ಲಿ ಗಟ್ಟಿಯಾಗತೊಡಗುತ್ತದೆ, ಆದ್ದರಿಂದ ಟ್ಯಾಂಕಿನ ಉಷ್ಣತೆಯ ಮೇಲೆ ಕಣ್ಣಿಟ್ಟಿರಬೇಕು. ದಿಕ್ಸೂಚಿ ನೆಚ್ಚಿಕೊಳ್ಳುವಂತಿಲ್ಲ. ಸಮಭಾಜಕದ ಮೇಲೆ ನಿಂತ ಸಂಪರ್ಕ ಉಪಗ್ರಹಗಳು ಅಷ್ಟು ಎತ್ತರದ ಅಕ್ಷಾಂಶದಲ್ಲಿ ದಿಗಂತದ ಕೆಳಗೆ ಮುಳುಗಿರುತ್ತವೆ. ತುರ್ತಾಗಿ ಇಳಿಯಲು ಊರುಗಳು ವಿರಳ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಹೊರಟ ವಿಮಾನವೊಂದು ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಬೇಕಾಯಿತು. 216 ಪ್ರಯಾಣಿಕರು ಅಲ್ಲೇ ಉಳಿದರು, ಅವರನ್ನು ಕರೆದೊಯ್ಯಲು ಮುಂಬಯಿಯಿಂದ ಬೇರೆ ವಿಮಾನ ಹೋಯಿತು. ಗ್ಲೋಬಿನ ಮೇಲೆ ಬರಿಯ ಬಿಳಿ ಬಣ್ಣವಾಗಿ ಕಾಣುವ ಜಾಗಗಳಿಗೂ ಹೆಸರು, ರನ್‌ವೇ, ಚಳಿ ಎಲ್ಲ ಇದೆ ಎಂದು ಅಂದು ಅನೇಕರಿಗೆ ಗೊತ್ತಾಯಿತು.

ಭೂಗೋಳದ ಮೇಲೆ ರಾಜಕೀಯದ ಗೆರೆಗಳೂ ಇವೆ. ಸೋವಿಯತ್ ಒಕ್ಕೂಟದ ಆಕಾಶ ಹೊರಗಿನವರಿಗೆ ಬಹುಕಾಲ ಮುಚ್ಚಿತ್ತು. 1998ರ ಜುಲೈನಲ್ಲಿ ಕ್ಯಾಥೆ ಪೆಸಿಫಿಕ್ ವಿಮಾನ ನ್ಯೂಯಾರ್ಕಿನಿಂದ ಹಾಂಗ್‌ಕಾಂಗಿಗೆ ಧ್ರುವದ ಮೇಲೆ ಹಾಯ್ದು ಬಂದದ್ದು ಈ ದಾರಿಗಳು ತೆರೆದುಕೊಂಡ ಗುರುತು. 2022ರ ಫೆಬ್ರವರಿಯ ನಂತರ ಪಶ್ಚಿಮದ ಕಂಪನಿಗಳಿಗೆ ರಷ್ಯಾದ ಆಕಾಶ ಮತ್ತೆ ಮುಚ್ಚಿತು. 2025ರ ಏಪ್ರಿಲ್ 24ರಂದು ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಇಂಥ ಪ್ರತಿ ಬಾಗಿಲು ಮುಚ್ಚಿದಾಗಲೂ ಕಿ.ಮೀ. ಪಟ್ಟಿಯ ಅಂಕಿ ಹಾಗೇ ಉಳಿಯುತ್ತದೆ, ಹಾರುವ ದಾರಿ ಮಾತ್ರ ಉದ್ದವಾಗುತ್ತದೆ.

ಹೊತ್ತಿನ ಲೆಕ್ಕಕ್ಕೆ ಬರೋಣ. ನಮ್ಮ ಹಿರಿಯರು ದೂರ ಹೇಳಲು ಹರದಾರಿ, ಗಾವುದ ಎಂಬ ಅಳತೆ ಇಟ್ಟುಕೊಂಡಿದ್ದರೂ, ಬಾಯಿಮಾತಿನಲ್ಲಿ ‘ಹೊತ್ತು ಮೂಡುವಾಗ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು’ ಎಂದೇ ಹೇಳುತ್ತಿದ್ದರು. ನಮ್ಮ ಬೀದಿಯ ಅಜ್ಜಿಯೊಬ್ಬರು ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಊರನ್ನು ಇಂದಿಗೂ ‘ಒಂದು ಹಗಲು, ಒಂದು ರಾತ್ರಿ, ಮೇಲೊಂದಿಷ್ಟು’ ಎಂದೇ ಅಳೆಯುತ್ತಾರೆ. ಫ್ರಾಂಕ್‌ಫರ್ಟಿನಲ್ಲಿ ಇಳಿದು ಹತ್ತುವ ಕಾಲದ ಅಳತೆ ಅದು. ಆ ದಾರಿ ಎರಡು ತುಂಡು ಸೇರಿ ಸುಮಾರು 16,550 ಕಿ.ಮೀ. ಅಜ್ಜಿಯ ಅಳತೆ ನನಗೆ ಸರಿ ಎನಿಸುತ್ತದೆ.

ಆ ಮೊದಲ ಹಾರಾಟಕ್ಕೆ ಬಳಸಿದ ಬೋಯಿಂಗ್ 777-200 ಎಲ್‌ಆರ್ ಎತ್ತರದಲ್ಲಿ ಸರಾಗವಾಗಿ ಸಾಗುವ ವೇಗ ಗಂಟೆಗೆ ಸುಮಾರು 905 ಕಿ.ಮೀ. 13,989ನ್ನು ಭಾಗಿಸಿದರೆ 15 ಗಂಟೆ 27 ನಿಮಿಷ. ದೂರ ಮತ್ತು ಹೊತ್ತು ಅಚ್ಚುಮಾಡುವ ಪಟ್ಟಿಗಳಲ್ಲಿ ಕೆಲವು ಇಷ್ಟಕ್ಕೇ ನಿಲ್ಲಿಸುತ್ತವೆ. 2021ರ ವೇಳಾಪಟ್ಟಿಯಲ್ಲಿದ್ದದ್ದು 17 ಗಂಟೆ 45 ನಿಮಿಷ. ನಡುವಿನ 2 ಗಂಟೆ 18 ನಿಮಿಷ ಎಲ್ಲಿ ಹೋಯಿತು? ಒಂದಿಷ್ಟು ನೆಲದ ಮೇಲೆಯೇ. ವಿಮಾನದವರು ಬ್ಲಾಕ್ ಟೈಮ್ ಎನ್ನುವುದು ಚಕ್ರದಡಿಯ ಅಡ್ಡಕಟ್ಟೆ ತೆಗೆದ ಗಳಿಗೆಯಿಂದ ಮತ್ತೆ ಇಟ್ಟ ಗಳಿಗೆಯವರೆಗೆ. ಘಾಟಿಯಲ್ಲಿ ಲಾರಿ ನಿಲ್ಲಿಸಿದ ಕ್ಲೀನರ್ ಚಕ್ರಕ್ಕೆ ಕಲ್ಲು ಕೊಡುತ್ತಾನಲ್ಲ, ಅದೇ ಬಗೆ. ರನ್‌ವೇವರೆಗಿನ ತೆವಳಾಟ, ಸರತಿ, ಏರುವಾಗಿನ ನಿಧಾನ ಎಲ್ಲ ಇದರೊಳಗೆ ಬರುತ್ತವೆ. ಇನ್ನೊಂದಿಷ್ಟು ಬಳಸುದಾರಿಗೆ. ಉಳಿದದ್ದು ಗಾಳಿಯ ಪಾಲು.

ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಗಳಿಗೆ ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಚಳಿಗಾಲದಲ್ಲಿ ಜಪಾನಿನ ಮೇಲೆ, ಉತ್ತರ ಪೆಸಿಫಿಕ್ ಮೇಲೆ ಅವುಗಳ ಸೆಳವು ಬಹಳ ಜೋರು. ಶಾಲೆಯಲ್ಲಿ ಮಾಡಿದ ದೋಣಿ ಮತ್ತು ಹೊಳೆಯ ಲೆಕ್ಕ ಇಲ್ಲಿ ಹಾಗೆಯೇ ಅನ್ವಯಿಸುತ್ತದೆ. ಗಂಟೆಗೆ 900 ಕಿ.ಮೀ. ಓಡುವ ವಿಮಾನ 14,000 ಕಿ.ಮೀ. ದೂರವನ್ನು 100 ಕಿ.ಮೀ. ಬೆನ್ನುಗಾಳಿಯಲ್ಲಿ 14 ಗಂಟೆಗೆ ಮುಗಿಸಿದರೆ, ಅಷ್ಟೇ ಎದುರುಗಾಳಿಯಲ್ಲಿ 17 ಗಂಟೆ 30 ನಿಮಿಷ ತೆಗೆದುಕೊಳ್ಳುತ್ತದೆ. ಹೋಗಿಬರುವುದಕ್ಕೆ 31 ಗಂಟೆ 30 ನಿಮಿಷ. ಗಾಳಿಯೇ ಇಲ್ಲದಿದ್ದರೆ 31 ಗಂಟೆ 7 ನಿಮಿಷ. ಹೋಗುವಾಗಿನ ಲಾಭ ಬರುವಾಗಿನ ನಷ್ಟವನ್ನು ಎಂದೂ ತುಂಬಿಕೊಡುವುದಿಲ್ಲ, ಯಾಕೆಂದರೆ ಎದುರುಗಾಳಿಯಲ್ಲಿ ನಾವು ಕಳೆಯುವ ಹೊತ್ತೇ ಹೆಚ್ಚು.

ಈ ಕಾರಣಕ್ಕೇ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಬೆಂಗಳೂರಿನಿಂದ ಟೋಕಿಯೊ ಮೇಲೆ ಹಾಯ್ದು ಸ್ಯಾನ್‌ಫ್ರಾನ್ಸಿಸ್ಕೊಗೆ ಹೋದರೆ ಸುಮಾರು 14,930 ಕಿ.ಮೀ., ಅಂದರೆ ಕಿರುದಾರಿಗಿಂತ 940 ಹೆಚ್ಚು. ಆದರೆ ಬೆನ್ನಿಗೆ ಸರಾಸರಿ 100 ಕಿ.ಮೀ. ಗಾಳಿ ಸಿಕ್ಕರೆ ಅದು 14 ಗಂಟೆ 51 ನಿಮಿಷದ ದಾರಿ. ಗಾಳಿಯಿಲ್ಲದ ಕಿರುದಾರಿಗಿಂತ 36 ನಿಮಿಷ ಬೇಗ. ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್‌ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ಎರಡೂ ಊರುಗಳ ನಡುವಿನ ಮಹಾವೃತ್ತ ಸುಮಾರು 12,380 ಕಿ.ಮೀ. ಹಾರಿದ್ದು ಸುಮಾರು 15,300. ಅಟ್ಲಾಂಟಿಕ್ ದಾರಿಗಿಂತಲೂ 1,400ರಷ್ಟು ಹೆಚ್ಚು. ಹಿಡಿದ ಹೊತ್ತು ಹದಿನಾಲ್ಕೂವರೆ ಗಂಟೆ, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಕಡಿಮೆ. ಭಾಗಿಸಿ ನೋಡಿದರೆ ನೆಲದ ಲೆಕ್ಕದಲ್ಲಿ ಗಂಟೆಗೆ 1,055 ಕಿ.ಮೀ. ಆ ವಿಮಾನ ತಾನಾಗಿ ಅಷ್ಟು ವೇಗವಾಗಿ ಓಡಲಾರದು. ಸುಮಾರು 150 ಕಿ.ಮೀ. ವೇಗವನ್ನು ಗಾಳಿಯಿಂದ ಕಡ ತಂದಿತ್ತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ಪೂರ್ವಕ್ಕೆ ಹೋಗುವಾಗ, ಪಶ್ಚಿಮಕ್ಕೆ ಬರುವಾಗ ಹೊತ್ತು ಬೇರೆಯಾಗುವುದಕ್ಕೆ ಭೂಮಿ ಅಡಿಯಲ್ಲಿ ತಿರುಗುವುದೇ ಕಾರಣ ಎಂದು ಓದಿದವರೂ ಹೇಳುವುದನ್ನು ಕೇಳಿದ್ದೇನೆ. ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ, ಗಾಳಿಯಲ್ಲಿರುವ ವಿಮಾನವೂ. ಓಡುವ ಬಸ್ಸಿನೊಳಗಿನ ನೊಣ ಹಿಂದಿನ ಗಾಜಿಗೆ ಬಡಿಯದಿರುವ ಹಾಗೆ.

ಬೆಂಗಳೂರಿಗೇ ಸೇರಿದ ಒಂದು ಸಂಗತಿ ಪಟ್ಟಿಗಳಲ್ಲಿ ಎಲ್ಲೂ ಕಾಣುವುದಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊ ನಿಲ್ದಾಣ ಕಡಲ ಮಟ್ಟಕ್ಕೆ ಸಮ. ನಮ್ಮದು 915 ಮೀಟರ್ ಎತ್ತರ. ಎತ್ತರದ ತೆಳುಗಾಳಿ, ಅದರ ಮೇಲೆ ಮಧ್ಯಾಹ್ನದ ಬಿಸಿಲು ಎರಡೂ ಸೇರಿದರೆ ರೆಕ್ಕೆಗೆ ಸಿಗುವ ಆಸರೆ ಕಡಿಮೆ, ಎಂಜಿನ್ ಬಲವೂ ಕಡಿಮೆ. 347 ಟನ್ ತೂಕದವರೆಗೆ ಹೊತ್ತು ಏರಬಲ್ಲ ವಿಮಾನಕ್ಕೂ ಇಲ್ಲಿ ಲೆಕ್ಕ ಬಿಗಿ. ಇಂಧನ ಹೆಚ್ಚು ಹೊತ್ತರೆ ಸರಕು ಇಳಿಸಬೇಕು. 4,000 ಮೀಟರ್ ಉದ್ದದ ರನ್‌ವೇ ಇದ್ದದ್ದು ಉಪಕಾರಕ್ಕೆ ಬಂತು.

ಕೊನೆಗೆ ಗಡಿಯಾರ. ಚಳಿಗಾಲದಲ್ಲಿ ನಾವು ಸ್ಯಾನ್‌ಫ್ರಾನ್ಸಿಸ್ಕೊಗಿಂತ 13 ಗಂಟೆ 30 ನಿಮಿಷ ಮುಂದೆ, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುವುದರಿಂದ 12 ಗಂಟೆ 30 ನಿಮಿಷ. 2021ರ ಜನವರಿಯ ಪಟ್ಟಿಯಂತೆ ಬೆಂಗಳೂರಿನಿಂದ ಮಧ್ಯಾಹ್ನ 2.30ಕ್ಕೆ ಹೊರಟವರು ಅದೇ ದಿನ ಸಂಜೆ 5ಕ್ಕೆ ಅಲ್ಲಿ ಇಳಿಯುತ್ತಿದ್ದರು. ಗೋಡೆ ಗಡಿಯಾರಗಳ ಪ್ರಕಾರ ಎರಡೂವರೆ ಗಂಟೆ, ನಿಜಕ್ಕೆ 16 ಗಂಟೆ. ಈ ಕಡೆ ಬರುವವರಿಗೆ ಇನ್ನೊಂದು ವಿಚಿತ್ರ. ಆ ಮೊದಲ ವಿಮಾನದಲ್ಲಿ ಶನಿವಾರ ರಾತ್ರಿ ನೆಲ ಬಿಟ್ಟವರು ಮತ್ತೆ ನೆಲ ಮುಟ್ಟಿದಾಗ ಇಲ್ಲಿ ಸೋಮವಾರ. ಜನವರಿಯಲ್ಲಿ ಧ್ರುವದ ಸುತ್ತ ಸೂರ್ಯ ಹುಟ್ಟುವುದೇ ಇಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ರಾತ್ರಿಯಿಂದ ಧ್ರುವದ ರಾತ್ರಿಗೆ, ಅಲ್ಲಿಂದ ಏಷ್ಯಾದ ರಾತ್ರಿಗೆ ಇಳಿಯುವ ಈ ದಾರಿಯನ್ನು ಗಂಟೆಗಂಟೆಗೆ ಲೆಕ್ಕ ಹಾಕಿ ನೋಡಿದೆ. ಎಲ್ಲೂ ಬೆಳಕು ಸಿಗುವುದಿಲ್ಲ. ಹದಿನೇಳು ಚಿಲ್ಲರೆ ಗಂಟೆ, ಒಂದೇ ರಾತ್ರಿ.

ಈ ದಾರಿಯಲ್ಲಿ ಹೋಗಿಬರುವ ಓದುಗರಲ್ಲಿ ಒಂದು ಕೋರಿಕೆ. ಟಿಕೆಟ್ಟಿನಲ್ಲಿ ಅಚ್ಚಾದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಚಕ್ರ ನೆಲ ಬಿಟ್ಟ ಗಳಿಗೆ, ಮತ್ತೆ ಮುಟ್ಟಿದ ಗಳಿಗೆ, ಮುಂದಿನ ಸೀಟಿನ ಪರದೆಯಲ್ಲಿ ಕಂಡ ಅತಿ ಹೆಚ್ಚಿನ ಅಕ್ಷಾಂಶ – ಈ ಮೂರನ್ನು ತಾರೀಕಿನ ಸಮೇತ ಬರೆದಿಟ್ಟುಕೊಳ್ಳಿ. ಅಕ್ಷಾಂಶ 71ರ ಆಸುಪಾಸಿನಲ್ಲಿದ್ದರೆ ನಿಮ್ಮನ್ನು ಕಿರುದಾರಿಯ ಹತ್ತಿರದಲ್ಲೇ ಕರೆದೊಯ್ದಿದ್ದಾರೆ. 50 ದಾಟದಿದ್ದರೆ ಗಾಳಿಯ ದಾರಿಯಲ್ಲಿ.